ಕೆಟ್ಟಿತೋ, ಕೆಡಿಸಿದರೋ?

(ಊರಿನ ಗ್ರಂಥಾಲಯದ ಮಹಡಿಯ ಹಾಲ್‌ನಲ್ಲಿ ಕಳೆದ ತಿಂಗಳು ಆಡಿದ ಮಾತುಗಳು. ಬರೆಯುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಅವತ್ತು ಬಾಯಿಗೆ ಬಾರದ ಕೆಲವು ಇಸವಿಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಫ್ಯಾನ್ ಸದ್ದು ಸ್ವಲ್ಪ ಜಾಸ್ತಿ ಇದೆ. ಹಿಂದೆ ಕೂತವರಿಗೆ ಕೇಳಿಸದಿದ್ದರೆ ಕೈ ಎತ್ತಿ, ಗಂಟಲು ಏರಿಸುತ್ತೇನೆ.

ಹಾಲಿನಿಂದ ಶುರು ಮಾಡೋಣ. ಬೆಳಗ್ಗೆ ಹಾಲು ಒಲೆ ಮೇಲಿಟ್ಟಿರಿ, ಒಡೆದುಹೋಯಿತು. ಮನೆಯಲ್ಲಿ ಮೊದಲು ಬರುವ ಮಾತು, 'ಅಯ್ಯೋ, ಹಾಲು ಕೆಟ್ಟುಹೋಯ್ತು'. ಐದು ನಿಮಿಷ ಬಿಟ್ಟು ಅತ್ತೆ ಬರುತ್ತಾರೆ. 'ಯಾರಮ್ಮಾ ಕೆಡಿಸಿದ್ದು? ರಾತ್ರಿಯೆಲ್ಲಾ ಹೊರಗೇ ಇಟ್ಟಿದ್ಯಾರು?' ಹಾಲು ಅದೇ, ಪಾತ್ರೆ ಅದೇ. ಬದಲಾಗಿದ್ದು ಕ್ರಿಯಾಪದ ಒಂದೇ. ಕೆಡು, ಕೆಡಿಸು. ಮೊದಲನೇ ಮಾತಿನಲ್ಲಿ ಮನುಷ್ಯರೇ ಇಲ್ಲ. ಎರಡನೇ ಮಾತಿನಲ್ಲಿ ಯಾರೋ ಒಬ್ಬರು ಅಡುಗೆಮನೆಯ ಮಧ್ಯೆ ಬಂದು ನಿಂತಿದ್ದಾರೆ, ತಲೆ ತಗ್ಗಿಸಿಕೊಂಡು.

'ಕೇಡು' ಎನ್ನುವ ಪದ ಹುಟ್ಟಿದ್ದೂ ಈ 'ಕೆಡು'ವಿನಿಂದಲೇ. ತತ್ವಶಾಸ್ತ್ರದ ಪಾಠದಲ್ಲಿ ಕೇಡನ್ನು ಎರಡು ಪಾಲು ಮಾಡುತ್ತಾರೆ. ಭೂಕಂಪ, ಬರ, ಕಾಯಿಲೆ ಇವೆಲ್ಲ ಪ್ರಾಕೃತಿಕ ಕೇಡು. ಕೊಲೆ, ಮೋಸ, ಚಿತ್ರಹಿಂಸೆ ಇವು ನೈತಿಕ ಕೇಡು. ಜರ್ಮನಿಯ ಲೈಬ್ನಿಟ್ಸ್ 1710ರಲ್ಲಿ ಮೂರು ಪಾಲು ಮಾಡಿದ್ದ. ಅದರ ಗೊಡವೆ ಇವತ್ತು ಬೇಡ. ನಾನು ಅಡುಗೆಮನೆಯ ಹೆಸರುಗಳನ್ನೇ ಇಟ್ಟುಕೊಳ್ಳುತ್ತೇನೆ: ಕೆಟ್ಟದ್ದು, ಕೆಡಿಸಿದ್ದು. ನನಗೆ ಹೇಳಬೇಕಿರುವುದು ಇಷ್ಟೇ. ಕೇಡು ಮಾಡುವ ಮನುಷ್ಯ ಮೊದಲು ಕೈ ಹಾಕುವುದು ಈ ಕ್ರಿಯಾಪದಕ್ಕೆ. 'ಕೆಡಿಸಿದೆ' ಎನ್ನುವುದನ್ನು ಅಳಿಸಿ 'ಕೆಟ್ಟಿತು' ಎಂದು ಬರೆದುಬಿಡುತ್ತಾನೆ. ಎಷ್ಟೋ ಸಲ ಮಾಡುವ ಮೊದಲೇ ಬರೆದಿಟ್ಟುಕೊಂಡಿರುತ್ತಾನೆ.

ಲಿಸ್ಬನ್‌ಗೆ ಹೋಗೋಣ. 1755ರ ನವೆಂಬರ್ 1. ಕ್ರೈಸ್ತರಿಗೆ ಅದು ಎಲ್ಲ ಸಂತರ ಹಬ್ಬ. ಪೋರ್ಚುಗಲ್ ಆಗ ಬ್ರೆಜಿಲ್‌ನ ಚಿನ್ನದಿಂದ ತುಂಬಿ ತುಳುಕುತ್ತಿದ್ದ ದೇಶ. ಬೆಳಗಿನ ಪೂಜೆಯ ಹೊತ್ತು, ಚರ್ಚುಗಳಲ್ಲಿ ಕಾಲಿಡಲು ಜಾಗವಿಲ್ಲ. ಆಗ ನೆಲ ನಡುಗಿತು. ಚಾವಣಿಗಳು ಪೂಜೆಗೆ ಬಂದವರ ಮೇಲೆಯೇ ಬಿದ್ದವು. ಹಬ್ಬಕ್ಕೆ ಹಚ್ಚಿಟ್ಟ ಮೇಣದಬತ್ತಿಗಳು ಉರುಳಿ ಬೆಂಕಿ ಹತ್ತಿತು. ಕಟ್ಟಡಗಳಿಂದ ದೂರ ಇರೋಣ ಎಂದು ಜನ ನದಿ ದಂಡೆಗೆ ಓಡಿದರು. ಅಲ್ಲಿಗೆ ಸಮುದ್ರ ನುಗ್ಗಿ ಬಂತು. ಬೆಂಕಿ ದಿನಗಟ್ಟಲೆ ಉರಿಯಿತು. ಹತ್ತಾರು ಸಾವಿರ ಜನ ಸತ್ತರು. ರಾಜ ಜೋಸೆಫ್ ಬದುಕುಳಿದ. ಆದರೆ ಆಮೇಲೆ ಕಲ್ಲಿನ ಮನೆಯ ಕೆಳಗೆ ಮಲಗಲು ಹೆದರಿ ಮರದ ಅರಮನೆ ಕಟ್ಟಿಸಿಕೊಂಡ.

ಇದಕ್ಕಿಂತ ಅಪ್ಪಟ 'ಕೆಟ್ಟದ್ದು' ಬೇಕಾ? ಇದರಲ್ಲಿ ಯಾರ ಕೈಯೂ ಇಲ್ಲ. ಫ್ರಾನ್ಸ್‌ನ ವೋಲ್ಟೇರ್ ಒಂದು ಉದ್ದನೆಯ ಕವನ ಬರೆದು ಕೇಳಿದ: ಎಲ್ಲ ಒಳ್ಳೆಯದಕ್ಕೇ ಆಗುತ್ತೆ ಎನ್ನುತ್ತೀರಲ್ಲ, ತಾಯಿಯ ಎದೆಗೊರಗಿದ ಕೂಸು ಏನು ತಪ್ಪು ಮಾಡಿತ್ತು? ಆ ಪ್ರಶ್ನೆಗೆ ಇವತ್ತಿಗೂ ಸರಿಯಾದ ಉತ್ತರ ಇಲ್ಲ. ದೇವರನ್ನು ನಂಬುವವರು ಇದರ ಜೊತೆ ಕುಸ್ತಿ ಆಡುತ್ತಲೇ ಇದ್ದಾರೆ, ಆಡಲಿ.

ನನಗೆ ಹೆಚ್ಚು ಇಷ್ಟವಾಗುವುದು ಅದೇ ಕಾಲದ ಚಿಂತಕ ರೂಸೋ ಮರುವರ್ಷ ವೋಲ್ಟೇರ್‌ಗೆ ಬರೆದ ಪತ್ರ. ಅವನು ಹೇಳಿದ್ದು ಹೀಗೆ: ಸ್ವಾಮಿ, ಅಲ್ಲಿ ಆರು ಏಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಒಟ್ಟೊಟ್ಟಿಗೆ ಕಟ್ಟಿದ್ದು ಪ್ರಕೃತಿಯಲ್ಲ. ಜನ ಚದುರಿಕೊಂಡು, ಹಗುರವಾದ ಮನೆಗಳಲ್ಲಿ ಇದ್ದಿದ್ದರೆ ನಷ್ಟ ಎಷ್ಟೋ ಕಮ್ಮಿ ಆಗುತ್ತಿತ್ತು. ಇನ್ನು ಎಷ್ಟು ಜನ ಓಡಿಹೋಗುವುದು ಬಿಟ್ಟು ವಾಪಸ್ ಒಳಗೆ ಹೋಗಿ ಸತ್ತರು, ಒಬ್ಬ ಬಟ್ಟೆಗೆ, ಒಬ್ಬ ಕಾಗದಪತ್ರಕ್ಕೆ, ಇನ್ನೊಬ್ಬ ದುಡ್ಡಿಗೆ!

ಎರಡನೇ ಮಾತು ಸ್ವಲ್ಪ ಕ್ರೂರ ಅಂತ ನನಗೆ ಅನ್ನಿಸುತ್ತೆ. ಸತ್ತವನ ಗಂಟಿಗೆ ಬೈಯುವುದು ಯಾಕೆ? ಆದರೆ ಮೊದಲನೇ ಮಾತು ದೊಡ್ಡದು. ನೆಲ ನಡುಗಿದ್ದು ಒಂದು ವಿಷಯ. ಮನೆ ಬಿದ್ದದ್ದು ಬೇರೆ ವಿಷಯ. ಮನೆಗೆ ಕಟ್ಟಿದವನಿದ್ದಾನೆ, ಬಾಡಿಗೆ ತಿಂದವನಿದ್ದಾನೆ, ಅನುಮತಿ ಕೊಟ್ಟವನಿದ್ದಾನೆ. ಒಂದೇ ಸಾವಿನೊಳಗೆ ಕೆಟ್ಟದ್ದು ಎಷ್ಟು, ಕೆಡಿಸಿದ್ದು ಎಷ್ಟು ಎಂದು ಬಿಡಿಸಿ ನೋಡಬಹುದು ಎಂದು ರೂಸೋ ತೋರಿಸಿದ.

ಲಿಸ್ಬನ್‌ನಲ್ಲೇ ಇನ್ನೊಂದು ಕಥೆ ಇದೆ. ಮಲಾಗ್ರಿಡಾ ಎಂಬ ಜೆಸ್ಯೂಟ್ ಪಾದ್ರಿ. ಇದು ಭೂಮಿಯ ಕೆಲಸವೇ ಅಲ್ಲ, ನಿಮ್ಮ ಪಾಪಕ್ಕೆ ದೇವರು ಕೊಟ್ಟ ಏಟು ಎಂದು ಪುಸ್ತಿಕೆ ಅಚ್ಚು ಹಾಕಿಸಿದ. ಅಂದರೆ ಕೆಟ್ಟದ್ದನ್ನು ಕೆಡಿಸಿದ್ದು ಎಂದ. ಊರು ಕಟ್ಟುವ ಕೆಲಸಕ್ಕೆ ನಿಂತಿದ್ದ ಮಂತ್ರಿ ಪೊಂಬಾಲ್‌ಗೆ ಇದು ಸುತರಾಂ ಹಿಡಿಸಲಿಲ್ಲ. ಜನ ಮಣ್ಣು ಎತ್ತುವುದು ಬಿಟ್ಟು ಮಂಡಿಯೂರಿ ಕೂತರೆ ಊರು ಏಳುವುದು ಹೇಗೆ? ಪೊಂಬಾಲ್ ಒಳ್ಳೆಯ ಕೆಲಸಗಾರ. ನಡುಕ ತಡೆಯುವ ಮರದ ಚೌಕಟ್ಟಿನ ಮನೆಗಳನ್ನು ಕಟ್ಟಿಸಿದ. ಎಷ್ಟು ಹೊತ್ತು ನಡುಗಿತು, ಎಷ್ಟು ಜನ ಸತ್ತರು ಎಂದು ಪ್ರತಿ ಪ್ಯಾರಿಷ್‌ಗೂ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಗೂ, ಪ್ರಶ್ನೆಪಟ್ಟಿ ಕಳಿಸಿದ. ಅದೇ ಪೊಂಬಾಲ್‌ನ ಆಡಳಿತದಲ್ಲಿ 1761ರಲ್ಲಿ ಆ ಮುದಿ ಪಾದ್ರಿಯ ಕತ್ತು ಹಿಸುಕಿ ಕೊಂದು ಸುಟ್ಟರು. ಭೂಕಂಪ ಯಾರೂ ಮಾಡಿದ್ದಲ್ಲ. ಇದನ್ನು ಮಾಡಿದ್ದು ಮನುಷ್ಯರೇ, ಅದೂ ವಿಚಾರಣೆ ನಡೆಸಿ, ಕಾಗದ ಬರೆದು, ಸಹಿ ಹಾಕಿ.

ಇಲ್ಲಿ ಒಂದು ಎಚ್ಚರ ಹೇಳಿ ಮುಂದೆ ಹೋಗುತ್ತೇನೆ. ಎಲ್ಲದಕ್ಕೂ ಕೆಡಿಸಿದವರನ್ನು ಹುಡುಕುವ ಚಟವೂ ಕೇಡೇ. ನಮ್ಮಲ್ಲಿ 'ಮಾಟ' ಎನ್ನುವ ಪದ ನೋಡಿ, 'ಮಾಡು'ವಿನಿಂದ ಬಂದದ್ದು. ಮಗುವಿಗೆ ಜ್ವರ ಬಂತು, ಹಸು ಸತ್ತಿತು, ಯಾರೋ ಮಾಡಿಸಿದ್ದಾರೆ! ಯಾರು? ಊರಾಚೆ ಒಬ್ಬಳೇ ಇರುವ ಮುದುಕಿ. ಆಮೇಲೆ ಅವಳಿಗೆ ಏನು ಮಾಡುತ್ತಾರೋ ಅದು ಮಾತ್ರ ನಿಜವಾದ ಮಾಟ. ಕರ್ನಾಟಕ 2017ರಲ್ಲಿ ಇದಕ್ಕೇ ಒಂದು ಕಾಯ್ದೆ ತರಬೇಕಾಯಿತು.

ಸರಿ, ಕೇಡು ಎಂದರೆ ಏನು? ಅದೊಂದು ವಸ್ತುವಾ? ಕತ್ತಲೆಯ ಹಾಗೆ ಎಲ್ಲೋ ಇರುವ ಶಕ್ತಿಯಾ? ಅಗಸ್ಟಿನ್ ಎನ್ನುವವನಿಗೆ ಈ ಪ್ರಶ್ನೆ ವರ್ಷಗಟ್ಟಲೆ ಕಾಡಿತು. ಈಗಿನ ಅಲ್ಜೀರಿಯಾದ ಕಡೆಯವನು, ಸುಮಾರು 1600 ವರ್ಷದ ಹಿಂದಿನವನು. ಕೊನೆಗೆ ಅವನು ಬಂದು ನಿಂತ ಜಾಗ ಕನ್ನಡದವರಿಗೆ ತಟ್ಟನೆ ಅರ್ಥವಾಗುತ್ತದೆ. ಕೇಡಿಗೆ ತನ್ನದೇ ಆದ ಇರವಿಲ್ಲ, ಒಳ್ಳೆಯದು ಕೆಡುವುದೇ ಕೇಡು ಎಂದ. ಹಾಲಿಲ್ಲದೆ ಕೆಟ್ಟ ಹಾಲು ಎಲ್ಲಿಂದ ಬರಬೇಕು?

ಅವನ ಆತ್ಮಕಥೆಯಲ್ಲಿ ಒಂದು ಪೇರು ಹಣ್ಣಿನ ಕಳ್ಳತನ ಇದೆ. ಹದಿನಾರನೇ ವಯಸ್ಸು. ನಡುರಾತ್ರಿ ಗೆಳೆಯರ ಜೊತೆ ಪಕ್ಕದ ತೋಟಕ್ಕೆ ನುಗ್ಗಿ ಮರ ಅಲ್ಲಾಡಿಸಿ ರಾಶಿ ಹಣ್ಣು ಕದ್ದರು. ತಿನ್ನಲಿಕ್ಕಲ್ಲ. ಅವನ ಮನೆಯಲ್ಲೇ ಅದಕ್ಕಿಂತ ಒಳ್ಳೆಯ ಹಣ್ಣಿತ್ತು. ಒಂದೆರಡು ಕಚ್ಚಿ ಉಳಿದದ್ದನ್ನು ಹಂದಿಗಳಿಗೆ ಎಸೆದರು. ನಲವತ್ತು ದಾಟಿ, ಬಿಷಪ್ ಆದಮೇಲೆ ಕೂತು ಅದನ್ನೇ ಅಗೆಯುತ್ತಾನೆ: ಹಸಿವಿರಲಿಲ್ಲ, ಬಡತನವಿರಲಿಲ್ಲ, ಮತ್ತೆ ಯಾಕೆ ಮಾಡಿದೆ? ಮಾಡಬಾರದು ಅನ್ನುವುದಕ್ಕೇ ಮಾಡಿದೆ. ಒಬ್ಬನೇ ಇದ್ದಿದ್ದರೆ ಮಾಡುತ್ತಿರಲಿಲ್ಲ.

ಮಾವಿನಕಾಯಿ ಕದ್ದವರು ಇಲ್ಲಿ ಎಷ್ಟು ಜನ? ನೋಡಿ, ನಗ್ತಿದ್ದೀರಿ. ಅಗಸ್ಟಿನ್‌ನದ್ದು ಅತಿಯಾಯಿತು, ನಾಲ್ಕು ಹಣ್ಣಿಗೆ ಇಷ್ಟು ಗೋಳಾ ಎಂದು ನನಗೂ ಮೊದಲು ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ದೊಡ್ಡ ಪಾಪಕ್ಕೆ ನೂರು ಕಾರಣ ಸಿಗುತ್ತವೆ, ಹಸಿವು, ಸೇಡು, ಹೆದರಿಕೆ. ಅವುಗಳ ಹಿಂದೆ ಬಚ್ಚಿಟ್ಟುಕೊಳ್ಳಬಹುದು. ಪೇರು ಹಣ್ಣಿನ ಹಿಂದೆ ಬಚ್ಚಿಟ್ಟುಕೊಳ್ಳಲು ಏನೂ ಇಲ್ಲ. ಅದಕ್ಕೇ ಅವನು ಚಿಕ್ಕದನ್ನು ಆರಿಸಿಕೊಂಡ.

ಅಗಸ್ಟಿನ್‌ಗೆ ಪಕ್ಕದಲ್ಲಿ ನಮ್ಮ ದುರ್ಯೋಧನನನ್ನು ನಿಲ್ಲಿಸಿ. ಪಾಂಡವಗೀತೆಯಲ್ಲಿ ಅವನ ಬಾಯಲ್ಲಿ ಬರುವ ಮಾತು ಹಳಬರಿಗೆ ಗೊತ್ತೇ ಇದೆ. ಧರ್ಮ ಯಾವುದು ಗೊತ್ತು, ಅದರ ಕಡೆ ಮನಸ್ಸು ಹೋಗದು. ಅಧರ್ಮ ಯಾವುದು ಗೊತ್ತು, ಅದನ್ನು ಬಿಡಲಾಗದು. ಇಲ್ಲಿಯವರೆಗೆ ಪ್ರಾಮಾಣಿಕ ಮಾತು. ಜನ ಇಷ್ಟನ್ನೇ ಉದ್ಧರಿಸುವುದು ಜಾಸ್ತಿ. ಮುಂದಿನ ಸಾಲು ಕೇಳಿ: ಎದೆಯೊಳಗೆ ಕೂತ ಯಾವುದೋ ದೇವರು ಹೇಗೆ ನಡೆಸುತ್ತಾನೋ ಹಾಗೆ ಮಾಡುತ್ತೇನೆ. ಸಿಕ್ಕಿತಾ? ಕೆಡಿಸಿದವನು ಜಾರಿಕೊಂಡ. ದೇವರನ್ನು ಕರೆತಂದು ತನ್ನ ಜಾಗದಲ್ಲಿ ಕೂರಿಸಿದ.

ಈ ಜಾರಿಕೊಳ್ಳುವ ಬಾಗಿಲಿಗೆ ಬೀಗ ಹಾಕಿದವನು ಜರ್ಮನ್ ತತ್ವಜ್ಞಾನಿ ಕಾಂಟ್. ಲಿಸ್ಬನ್ ಭೂಕಂಪ ಆದಾಗ ಅವನಿನ್ನೂ ಮೂವತ್ತೊಂದರ ಹುಡುಗ. ಮರುವರ್ಷ ಭೂಕಂಪದ ಬಗ್ಗೆ ಮೂರು ಲೇಖನ ಬರೆದ. ಭೂಮಿಯೊಳಗಿನ ಕಾರಣ ಹುಡುಕಿ, ಪಾಪದ ಲೆಕ್ಕ ಹಾಕಬೇಡಿ ಎಂದ. 1793ರಲ್ಲಿ, ಅರವತ್ತೆಂಟರ ಮುದುಕ, ಮನುಷ್ಯ ಮಾಡುವ ಕೇಡಿನ ಬಗ್ಗೆ ಬರೆದ. ಅದಕ್ಕೆ ಅವನ ನಾಡಾದ ಪ್ರಶ್ಯದ ರಾಜ ಅವನ ಮೇಲೆ ಸಿಟ್ಟಾಗಿ, ಧರ್ಮದ ಬಗ್ಗೆ ಇನ್ನು ಹೀಗೆ ಬರೆಯಬೇಡ ಎಂದು ತಾಕೀತು ಮಾಡಿದ.

ಕಾಂಟ್ ಹೇಳಿದ್ದನ್ನು ಸುಮ್ನೆ ಒಂದು ಅಂಗಡಿ ಇಟ್ಟುಕೊಂಡು ನೋಡೋಣ. ಮಗು ಬಂದು ಸಾಮಾನು ಕೇಳುತ್ತದೆ. ಅಂಗಡಿಯವನು ಮೋಸ ಮಾಡುವುದಿಲ್ಲ. ಯಾಕೆ? ಒಂದು, ಮೋಸ ತಪ್ಪು ಅಂತ. ಇನ್ನೊಂದು, ಗೊತ್ತಾದರೆ ಗಿರಾಕಿ ತಪ್ಪುತ್ತಾರೆ ಅಂತ. ಹೊರಗೆ ಎರಡೂ ಒಂದೇ. ಒಳಗೆ ಸರದಿ ಬೇರೆ. ನ್ಯಾಯ ಮುಂದೆ, ಲಾಭ ಹಿಂದೆ. ಇಲ್ಲವೇ ಲಾಭ ಮುಂದೆ, ನ್ಯಾಯ ಹಿಂದೆ. ಲಾಭ ಬಯಸುವುದು ತಪ್ಪಲ್ಲ. ಸರದಿ ತಿರುಗಿಸುವುದೇ ಕೇಡಿನ ಬೇರು ಎಂದ. ಮೂರು ಹಂತ ಹೇಳಿದ. ಗೊತ್ತಿದ್ದೂ ಕೈಲಾಗದಿರುವುದು ಮೊದಲನೆಯದು. ಒಳ್ಳೆಯ ಉದ್ದೇಶಕ್ಕೆ ಬೇರೆ ಉದ್ದೇಶ ಕಲಬೆರಕೆ ಆಗುವುದು ಎರಡನೆಯದು. ಸರದಿಯನ್ನೇ ಬುಡಮೇಲು ಮಾಡಿ ಅದನ್ನೇ ಬದುಕಿನ ಪದ್ಧತಿ ಮಾಡಿಕೊಳ್ಳುವುದು ಮೂರನೆಯದು. ಮೂರನೇ ಹಂತದವನು ಹೊರಗಿನಿಂದ ಬಹಳ ಮರ್ಯಾದಸ್ಥನಾಗಿ ಕಾಣಬಹುದು. ಸಿಕ್ಕಿಬೀಳುವ ಸಂದರ್ಭವೇ ಬಂದಿರುವುದಿಲ್ಲ. ಮತ್ತೆ, ಈ ಸರದಿ ತಿರುಗಿದ್ದು ನನ್ನ ಹಣೆಬರಹ, ನನ್ನ ಹುಟ್ಟು, ನನ್ನ ಊರು ಅನ್ನುವ ಹಾಗಿಲ್ಲ. ತಿರುಗಿಸಿದ್ದು ನೀನೇ. ಇದು ಕಾಂಟ್‌ನ ಬೀಗ.

ಈಗ ಬೀಗ ಒಡೆದ ಕಥೆ. 1961ರಲ್ಲಿ ಜೆರುಸಲೇಮಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂತು ನಾಜಿ ಅಧಿಕಾರಿ ಅಡಾಲ್ಫ್ ಐಕ್‌ಮನ್ ವಿಚಾರಣೆ ಎದುರಿಸಿದ. ಯೂರೋಪಿನ ಮೂಲೆಮೂಲೆಯಿಂದ ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾವಿನ ಶಿಬಿರಗಳಿಗೆ ಕಳಿಸುವ ಏರ್ಪಾಟು ಅವನದು. ನಾನು ಯಾರನ್ನೂ ಕೊಂದಿಲ್ಲ, ನನ್ನದು ಸಾಗಣೆ ಕೆಲಸ ಎಂದ. ನಾನು ಕಾಂಟ್ ಹೇಳಿದ ಹಾಗೆ ಕರ್ತವ್ಯ ಪಾಲಿಸಿದವನು ಅಂತಲೂ ಅಂದ! ವಿಚಾರಣೆ ವರದಿ ಮಾಡಲು ಹೋಗಿದ್ದ ಚಿಂತಕಿ ಹನ್ನಾ ಅರೆಂಟ್ ಅವನ ಭಾಷೆಯನ್ನು ಕಿವಿಗೊಟ್ಟು ಕೇಳಿದರು. ಕಚೇರಿ ಭಾಷೆಯೇ ನನಗೆ ಗೊತ್ತಿರುವ ಒಂದೇ ಭಾಷೆ ಎಂದು ಅವನೇ ಒಪ್ಪಿಕೊಂಡ. ಆ ಕಚೇರಿಗಳಲ್ಲಿ ಕೊಲೆಗೆ 'ಸ್ಥಳಾಂತರ' ಎನ್ನುತ್ತಿದ್ದರು, 'ವಿಶೇಷ ಉಪಚಾರ' ಎನ್ನುತ್ತಿದ್ದರು.

ಕಚೇರಿ ಭಾಷೆ ನಮಗೇನು ಹೊಸದಲ್ಲ, ಅಲ್ವಾ? 'ಅರ್ಜಿಯನ್ನು ತಿರಸ್ಕರಿಸಲಾಗಿದೆ.' ಯಾರು ತಿರಸ್ಕರಿಸಿದ್ದು? 'ಸೂಕ್ತ ಕ್ರಮ ಕೈಗೊಳ್ಳಲಾಗುವುದು.' ಯಾರು ಕೈಗೊಳ್ಳುತ್ತಾರೆ? ಈ 'ಲಾಗಿದೆ', 'ಲಾಗುವುದು' ಬಾಯಿಮಾತಿನ ಕನ್ನಡದಲ್ಲಿ ಹೆಚ್ಚು ಬರುವುದಿಲ್ಲ. ಮನೆಯಲ್ಲಿ ಯಾರೂ 'ಅನ್ನ ಮಾಡಲಾಗಿದೆ' ಎನ್ನುವುದಿಲ್ಲ. ಕಚೇರಿಯ ಕಾಗದದಲ್ಲಿ ಮಾತ್ರ ಬೆಳೆಯುವ ಬೆಳೆ ಇದು. ಎಲ್ಲ 'ಲಾಗಿದೆ'ಯೂ ಪಾಪ ಎಂದು ಹೇಳುತ್ತಿಲ್ಲ, ನಾನೂ ಮೂವತ್ತು ವರ್ಷ ಅದನ್ನೇ ಬರೆದು ಸಂಬಳ ತಿಂದವನು. ಆದರೆ ಆ ಜಾಗ ಖಾಲಿ ಇರುತ್ತದೆ. ಖಾಲಿ ಜಾಗದಲ್ಲಿ ಏನು ಬೇಕಾದರೂ ಬಚ್ಚಿಡಬಹುದು.

ಅರೆಂಟ್ ಹೇಳಿದ್ದು, ಇವನು ರಾಕ್ಷಸನಲ್ಲ, ಯೋಚನೆಯನ್ನೇ ಮಾಡದವನು, ಕೇಡು ಇಷ್ಟು ಸಾದಾ ಆಗಿರಬಲ್ಲದು ಎಂದು. ಆ ಮಾತು ಜಗತ್ತಿಡೀ ಹಬ್ಬಿತು. ಆದರೆ ಐಕ್‌ಮನ್ ವಿಷಯದಲ್ಲಿ ಅವರು ಸ್ವಲ್ಪ ಮೋಸಹೋದರು ಎಂದು ನನಗನ್ನಿಸುತ್ತದೆ. ಅರ್ಜೆಂಟೀನಾದಲ್ಲಿ ಅಡಗಿದ್ದಾಗ, 1957ರಲ್ಲಿ, ಹಳೆಯ ನಾಜಿ ಗೆಳೆಯರ ಮುಂದೆ ಟೇಪ್ ರೆಕಾರ್ಡರಿಗೆ ಅವನೇ ಮಾತಾಡಿದ್ದಾನೆ. ಅಲ್ಲಿ ಸಾಗಣೆ ಗುಮಾಸ್ತ ಇಲ್ಲ. ಎಲ್ಲರನ್ನೂ ಮುಗಿಸಲಾಗಲಿಲ್ಲವಲ್ಲ ಎಂದು ಕೊರಗುವವನು ಇದ್ದಾನೆ. 1944ರ ಕೊನೆಗೆ ಹಂಗೇರಿಯಲ್ಲಿ ರೈಲು ಸಿಗದಾದಾಗ ಬುಡಾಪೆಸ್ಟಿನ ಯಹೂದಿಗಳನ್ನು ಆಸ್ಟ್ರಿಯಾದ ಗಡಿವರೆಗೆ ನಡೆಸಿಕೊಂಡೇ ಹೋಗುವ ಏರ್ಪಾಟು ಮಾಡಿದವನೂ ಇವನೇ. ಸುಮ್ಮನೆ ಹೇಳಿದ್ದು ಮಾಡುವ ಗುಮಾಸ್ತನಿಗೆ ರೈಲಿಲ್ಲ ಎನ್ನುವುದೇ ಒಳ್ಳೆಯ ನೆಪ ಆಗುತ್ತಿತ್ತು. ಗೆಳೆಯರ ಮುಂದೆ 'ಮಾಡಿದೆವು', ಕೋರ್ಟಿನಲ್ಲಿ 'ಆಯಿತು'. ವ್ಯಾಕರಣ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಆದರೂ ಅರೆಂಟ್ ಕಂಡದ್ದು ಸುಳ್ಳಲ್ಲ, ಅದು ಬೇರೆಯವರ ವಿಷಯದಲ್ಲಿ ನಿಜ. ಅದೇ 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಒಂದು ಪ್ರಯೋಗ ಶುರು ಮಾಡಿದ. ಪಕ್ಕದ ಕೋಣೆಯವನು ತಪ್ಪು ಉತ್ತರ ಹೇಳಿದಾಗಲೆಲ್ಲ ಅವನಿಗೆ ಕರೆಂಟ್ ಶಾಕ್ ಕೊಡಬೇಕು, ಸಲಸಲಕ್ಕೂ ಜಾಸ್ತಿ. ಶಾಕ್ ಸುಳ್ಳು, ಆ ಕೋಣೆಯವನು ನಟ. ಸ್ವಿಚ್ ಒತ್ತುವವನಿಗೆ ಅದು ಗೊತ್ತಿಲ್ಲ. 40 ಜನರಲ್ಲಿ 26 ಜನ ಕೊನೆಯ 450 ವೋಲ್ಟ್‌ವರೆಗೆ ಹೋದರು. ಈ ಸಂಖ್ಯೆ ಎಲ್ಲರೂ ಹೇಳುತ್ತಾರೆ. ನನ್ನನ್ನು ನಿದ್ದೆಗೆಡಿಸಿದ್ದು ಇನ್ನೊಂದು ಸಂಖ್ಯೆ. ಪ್ರಯೋಗವನ್ನು ಒಂದು ಸಲ ಬದಲಿಸಿದರು. ಸ್ವಿಚ್ ಒತ್ತುವುದು ಬೇರೊಬ್ಬನ ಕೆಲಸ. ಇವನದ್ದು ಪಕ್ಕದಲ್ಲಿ ಕೂತು ಬೇರೆ ಸಣ್ಣಪುಟ್ಟ ಕೆಲಸ, ಅಷ್ಟೇ. ಆಗ 40ರಲ್ಲಿ 37 ಜನ ಕೊನೆಯವರೆಗೆ ಕೂತರು. ಆ ಪ್ರಯೋಗಗಳ ಬಗ್ಗೆ ತಕರಾರು ಬೇಕಾದಷ್ಟಿವೆ. ಕೆಲವರಿಗೆ ಇದು ನಾಟಕ ಎಂಬ ಗುಮಾನಿ ಇತ್ತು ಎನ್ನುತ್ತಾರೆ. ಇರಲಿ. ಒತ್ತುವುದು ನನ್ನ ಬೆರಳಲ್ಲ ಎಂದಾದ ಕೂಡಲೇ ಮನುಷ್ಯ ಎಷ್ಟು ಆರಾಮಾಗುತ್ತಾನೆ ಎಂದು ತಿಳಿಯಲು ಯೇಲ್‌ಗೆ ಹೋಗಬೇಕಾಗಿಲ್ಲ.

ಭೋಪಾಲನ್ನು ನಾವು ಏನೆಂದು ಕರೆಯುತ್ತೇವೆ? 'ಅನಿಲ ದುರಂತ'. ದುರಂತ, ಅಂದರೆ ಆಗಿಹೋದದ್ದು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ತೊಟ್ಟಿಯಿಂದ ವಿಷ ಸೋರಿ, ಬೆಳಗಾಗುವುದರೊಳಗೆ ಊರು ತುಂಬ ಹೆಣ. ಆ ತೊಟ್ಟಿಯನ್ನು ತಣ್ಣಗಿಡಬೇಕಾದ ಯಂತ್ರವನ್ನು ನಿಲ್ಲಿಸಿಟ್ಟಿದ್ದರು. ಸೋರಿದ ಅನಿಲವನ್ನು ಸುಡುವ ಗೋಪುರದ ಪೈಪು ರಿಪೇರಿಗೆಂದು ಬಿಚ್ಚಿಟ್ಟಿತ್ತು. ಅದನ್ನು ತೊಳೆದು ಬಿಡುವ ಘಟಕವೂ ಕೆಲಸಕ್ಕೆ ಬರಲಿಲ್ಲ. ಒಂದೊಂದಕ್ಕೂ ಒಂದು ಖರ್ಚಿನ ಲೆಕ್ಕ, ಒಬ್ಬೊಬ್ಬರ ಸಹಿ. ಯಾರೂ ಒಂದು ಊರನ್ನು ಕೊಲ್ಲಲು ಸಹಿ ಹಾಕಿರಲಿಲ್ಲ, ನಿಜ. ಆಮೇಲೆ ಕಂಪನಿಯವರು, ಇದು ಆಗಿದ್ದಲ್ಲ, ಸಿಟ್ಟಾದ ಒಬ್ಬ ಕೆಲಸಗಾರ ಬೇಕಂತಲೇ ಮಾಡಿದ್ದು ಎಂದರು. ಕ್ರಿಯಾಪದ ತಿರುಗಿಸಬೇಕಾಗಿ ಬಂದಾಗ ಅದು ಹೋಗಿ ನಿಂತದ್ದು ಎಲ್ಲರಿಗಿಂತ ಕೆಳಗಿದ್ದವನ ಮೇಲೆ. 2010ರಲ್ಲಿ, ಇಪ್ಪತ್ತೈದು ವರ್ಷ ಕಳೆದ ಮೇಲೆ, ಕಂಪನಿಯ ಏಳು ಮಂದಿ ಭಾರತೀಯ ಅಧಿಕಾರಿಗಳಿಗೆ ತಲಾ ಎರಡು ವರ್ಷ ಶಿಕ್ಷೆ ಆಯಿತು. ಅವತ್ತೇ ಜಾಮೀನೂ ಸಿಕ್ಕಿತು.

ನನ್ನ ಮಾತು ಇಲ್ಲಿಗೆ ಮುಗಿಯಿತು ಎಂದೆ. ಆಮೇಲೆ ಪ್ರಶ್ನೆಗಳು. ಎರಡನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಮುಂದಿನ ಸಾಲಿನಲ್ಲಿದ್ದ ಟೀಚರ್ ಒಬ್ಬರು ಕೇಳಿದರು: 'ಸರ್, ಹೀಗೆ ಬಿಡಿಸ್ತಾ ಹೋದರೆ ಎಲ್ಲರೂ ತಪ್ಪಿತಸ್ಥರೇ ಆಗ್ತಾರೆ. ಎಲ್ಲರೂ ಅಂದ್ರೆ ಯಾರೂ ಅಲ್ಲ ಅಂದ ಹಾಗಲ್ವಾ?' ಒಳ್ಳೆಯ ಏಟು. ಅರೆಂಟ್ ಕೂಡ ಇದೇ ಮಾತಿಗೆ ಹೆದರುತ್ತಿದ್ದರು ಎಂದೆ. ಯುದ್ಧದ ನಂತರ ಜರ್ಮನಿಯ ಹುಡುಗರು 'ನಾವೆಲ್ಲರೂ ಪಾಪಿಗಳು' ಎಂದು ಎದೆ ಬಡಿದುಕೊಂಡಾಗ ಅವರಿಗೆ ರೇಗಿಹೋಗಿತ್ತು. ಅದರಿಂದ ಲಾಭವಾಗಿದ್ದು ನಿಜವಾಗಿ ಮಾಡಿದವರಿಗೆ. ಅದಕ್ಕೇ ತೂಕ ಬೇಕು. ಅನಿಲದ ತೊಟ್ಟಿ ನೋಡಿಕೊಳ್ಳುವವನದ್ದೂ ಖರ್ಚು ಕಡಿತಕ್ಕೆ ಸಹಿ ಹಾಕಿದವನದ್ದೂ ಒಂದೇ ತೂಕವಲ್ಲ. ಆದರೆ ತೂಗಬೇಕಾದರೆ ಮೊದಲು ಹೆಸರು ಬರೆಯಬೇಕಲ್ಲ, ಮೇಡಂ. ಅವರಿಗೆ ಪೂರ್ತಿ ಸಮಾಧಾನ ಆದ ಹಾಗೆ ಕಾಣಲಿಲ್ಲ.

ಎರಡನೆಯವಳು ಪಿಯುಸಿ ಹುಡುಗಿ. 'ಸರ್, ನೀವು ಮಾಡಿದ್ದೀರಾ? ಮಾವಿನಕಾಯಿ ಬೇಡ, ದೊಡ್ಡದು.'

ಹಾಲ್ ನಕ್ಕಿತು. ನನಗೆ ನಗು ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದೆ.

ಏಳೆಂಟು ವರ್ಷದ ಹಿಂದಿನ ಮಾತು. ನಮ್ಮ ಅಪಾರ್ಟ್‌ಮೆಂಟಿನ ಹಿಂದುಗಡೆ ಮ್ಯಾನ್‌ಹೋಲ್ ಕಟ್ಟಿಕೊಂಡಿತು. ಕೆಳಗಿನ ಮನೆಗಳ ಬಚ್ಚಲಿಗೆ ನೀರು ವಾಪಸ್ ಬರತೊಡಗಿತು. ಸಕ್ಕಿಂಗ್ ಮಷೀನ್‌ಗೆ ಫೋನ್ ಮಾಡಿದರೆ ನಾಳಿದ್ದು ಎಂದರು. ರಕ್ಷಣೆಯ ಸಾಧನವಿಲ್ಲದೆ ಮನುಷ್ಯರನ್ನು ಒಳಗೆ ಇಳಿಸುವುದು ಅಪರಾಧ ಎಂದು 2013ರ ಕಾಯ್ದೆ ಹೇಳುತ್ತದೆ. ನನಗೆ ಗೊತ್ತಿತ್ತು. ಇಳಿದು ಸತ್ತವರ ಮನೆಗೆ 10 ಲಕ್ಷ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ್ದೂ ಗೊತ್ತಿತ್ತು. ಇದರ ವಿರುದ್ಧ ದೇಶದುದ್ದಕ್ಕೂ ಹೋರಾಡಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನವರು ಎಂದು ಭಾಷಣದಲ್ಲಿ ಹೆಮ್ಮೆಯಿಂದ ಹೇಳಿದ್ದವನು ನಾನು.

ಯಾರೋ ಯಾರಿಗೋ ಹೇಳಿದರು. ಮಧ್ಯಾಹ್ನ ಇಬ್ಬರು ಬಂದರು. ಒಬ್ಬ ಚಡ್ಡಿಯಲ್ಲಿ ಇಳಿದ. ಕೈಗವಸಿಲ್ಲ, ಏನಿಲ್ಲ. ಮೇಲಿದ್ದವನು ಹಗ್ಗ ಹಿಡಿದಿದ್ದ. ಸೊಂಟಕ್ಕೆ ಕಟ್ಟಿರಲಿಲ್ಲ, ಬಕೆಟ್‌ಗೆ ಕಟ್ಟಿದ್ದ ಹಗ್ಗ ಅದು. ನಾನು ಎರಡನೇ ಮಹಡಿಯ ಬಾಲ್ಕನಿಯಿಂದ ನೋಡುತ್ತಿದ್ದೆ, ಕೈಯಲ್ಲಿ ಕಾಫಿ ಲೋಟ. ತಲೆ ಮುಳುಗಿತು, ಎದ್ದಿತು, ಮುಳುಗಿತು. ಬಕೆಟ್ ಬಕೆಟ್ ಮೇಲೆ ಬಂತು. ಹುಡುಗನಿಗೆ ಏನೂ ಆಗಲಿಲ್ಲ. ಹೊರಗೆ ಬಂದು ಗಿಡಗಳಿಗೆ ನೀರು ಬಿಡುವ ನಲ್ಲಿಯಲ್ಲಿ ಮೈ ತೊಳೆದುಕೊಂಡ. ಸೋಪು ಕೇಳಿದ. ವಾಚ್‌ಮನ್ ಬಟ್ಟೆ ಸೋಪಿನ ತುಂಡೊಂದನ್ನು ದೂರದಿಂದ ಎಸೆದ. ಕಾರ್ಯದರ್ಶಿ ತಲೆಯೆತ್ತಿ ನನಗೆ ಕೈ ಬೀಸಿ, 'ಆಯ್ತು ಸರ್, ಕ್ಲೀನ್ ಆಯ್ತು' ಎಂದರು. ನಾನೂ ಕೈ ಬೀಸಿದೆ. ಆ ಹುಡುಗನ ಹೆಸರು ನಾನು ಕೇಳಲಿಲ್ಲ.

ಸಂಘದ ಲೆಕ್ಕದ ಪುಸ್ತಕ ಈಗಲೂ ಇದೆ. ಆ ದಿನದ ಸಾಲು ಹೀಗಿದೆ: 'ಮ್ಯಾನ್‌ಹೋಲ್ ಸ್ವಚ್ಛಗೊಳಿಸಲಾಯಿತು. ರೂ. 1,500.' ಕೆಳಗೆ ಖಜಾಂಚಿಯ ಸಹಿ. ಆ ವರ್ಷ ಖಜಾಂಚಿ ನಾನು.

ಹುಡುಗಿ ಇನ್ನೇನೋ ಕೇಳಲು ಹೊರಟವಳು ಕೂತುಬಿಟ್ಟಳು. ಗ್ರಂಥಪಾಲಕರು ಎದ್ದು, ಕೆಳಗೆ ಟೀ ಬಂದಿದೆ, ಆರಿಹೋಗುತ್ತೆ ಎಂದರು.